ಚಿಕಿತ್ಸೆ ಫಲ ಕೊಡುತ್ತಿದೆಯೇ, ಯಂತ್ರ ನಿಜ ಹೇಳುತ್ತಿದೆಯೇ: ಅಳೆದು ನೋಡುವ ಕ್ರಮ

ಹೃದಯಾಘಾತವಾದವರ ಇಸಿಜಿಯಲ್ಲಿ ನಡುನಡುವೆ ತಪ್ಪು ಮಿಡಿತಗಳು ಕಾಣಿಸಿಕೊಂಡರೆ ಅಂಥವರು ಹಠಾತ್ತನೆ ಸಾಯುವ ಸಾಧ್ಯತೆ ಹೆಚ್ಚು. ಹಾಗಾದರೆ ಆ ತಪ್ಪು ಮಿಡಿತಗಳನ್ನು ಅಡಗಿಸುವ ಔಷಧಿ ಕೊಟ್ಟರೆ ಜೀವ ಉಳಿಯಬೇಕಲ್ಲ? 1980ರ ದಶಕದಲ್ಲಿ ಹಾಗೆಂದುಕೊಂಡೇ ಎನ್‌ಕೈನೈಡ್, ಫ್ಲೆಕೈನೈಡ್ ಔಷಧಿಗಳನ್ನು ಬರೆದುಕೊಡುತ್ತಿದ್ದರು. ಇಸಿಜಿ ಚೊಕ್ಕಟವಾಗುತ್ತಿತ್ತು, ಎಲ್ಲರಿಗೂ ಸಮಾಧಾನ. ಆಮೇಲೆ ಕ್ಯಾಸ್ಟ್ ಎಂಬ ಪ್ರಯೋಗದ ವರದಿ 1991ರಲ್ಲಿ ಬಂತು. ಸರಾಸರಿ ಹತ್ತು ತಿಂಗಳಲ್ಲಿ, ಔಷಧಿ ಪಡೆದ 755 ಮಂದಿಯಲ್ಲಿ 63 ಜನ ಸತ್ತಿದ್ದರು. ಔಷಧಿಯ ಅಂಶವಿಲ್ಲದ ಹುಸಿ ಮಾತ್ರೆ ಪಡೆದ 743 ಮಂದಿಯಲ್ಲಿ ಸತ್ತವರು 26.

ಈ ಲೇಖನದ ಮುಖ್ಯ ಮಾತು ಇಲ್ಲೇ ಇದೆ. ಪರದೆಯ ಮೇಲಿನ ಗೆರೆ, ಲ್ಯಾಬ್ ವರದಿಯ ಅಂಕಿ, ಸ್ಕ್ಯಾನ್ ಚಿತ್ರ ಸರಿಹೋಯಿತು ಎಂದರೆ ರೋಗಿ ಸರಿಹೋದ ಎಂದಲ್ಲ. ಔಷಧಿಯಾಗಲಿ, ಶಸ್ತ್ರಚಿಕಿತ್ಸೆಯಾಗಲಿ, ಹೊಸ ಯಂತ್ರವಾಗಲಿ, ಅಳೆಯಬೇಕಾದದ್ದು ರೋಗಿಯ ಪಾಡನ್ನು. ಸಣ್ಣ ಆಸ್ಪತ್ರೆ, ಕ್ಲಿನಿಕ್ ನಡೆಸುವವರು, ವಾರ್ಡಿನ ಹೊಣೆ ಹೊತ್ತ ನರ್ಸ್‌ಗಳು, ಉಪಕರಣ ಕೊಳ್ಳುವವರು ಅದನ್ನು ಹೇಗೆ ಅಳೆಯಬಹುದು ಎಂಬುದನ್ನು ಮುಂದೆ ಹಂತಹಂತವಾಗಿ ಕೊಟ್ಟಿದೆ. ಮನೆಯಲ್ಲಿ ಬಿಪಿ ನೋಡಿಕೊಳ್ಳುವವರಿಗೂ ನಾಲ್ಕನೆಯ ಹಂತ ಉಪಯೋಗಕ್ಕೆ ಬರುತ್ತದೆ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಈ ಚಿಕಿತ್ಸೆ ಒಳ್ಳೆಯದೇ?" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾರಿಗೆ, ಏನನ್ನು, ಯಾವುದಕ್ಕೆ ಹೋಲಿಸಿ, ಎಷ್ಟು ಕಾಲದ ನಂತರ, ಯಾವ ಫಲ – ಈ ಐದೂ ವಾಕ್ಯದಲ್ಲಿ ಬರಬೇಕು. ಉದಾಹರಣೆಗೆ: "ಮಂಡಿ ಸವೆತವಿರುವ, 60 ದಾಟಿದವರಿಗೆ ಆರ್ತ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಮಾಡಿ ಮಂಡಿಯೊಳಗೆ ತೊಳೆದು ಕೆರೆದರೆ, ಬರೀ ವ್ಯಾಯಾಮ ಮಾಡಿಸಿದ್ದಕ್ಕಿಂತ, ಒಂದು ವರ್ಷದ ನಂತರ ಮೆಟ್ಟಿಲು ಹತ್ತುವಾಗಿನ ನೋವು ಕಡಿಮೆ ಇರುತ್ತದೆಯೇ?"

"ಯಾವುದಕ್ಕೆ ಹೋಲಿಸಿ" ಎಂಬ ಭಾಗವನ್ನು ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಮೋಸ ಹೋಗುವುದೂ ಅಲ್ಲೇ. ಮಂಡಿ ತೊಳೆಸಿಕೊಂಡವರಲ್ಲಿ ಬಹಳಷ್ಟು ಜನ ನೋವು ಇಳಿಯಿತೆಂದು ಹೇಳುತ್ತಿದ್ದರು, ಸುಳ್ಳೇನೂ ಹೇಳುತ್ತಿರಲಿಲ್ಲ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 180 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಂಡಿಯೊಳಗೆ ಕೆರೆದರು, ಇನ್ನೊಂದಕ್ಕೆ ತೊಳೆದರು, ಮೂರನೆಯದಕ್ಕೆ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಹೊಲಿಗೆ ಹಾಕಿದರಷ್ಟೇ. ಎರಡು ವರ್ಷದಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ನಿಜವಾದ ಶಸ್ತ್ರಚಿಕಿತ್ಸೆಯ ಗುಂಪುಗಳು ಹುಸಿ ಗುಂಪಿಗಿಂತ ಮೇಲಿರಲಿಲ್ಲ. ನೋವು ತಾನಾಗಿ ಏರಿ ಇಳಿಯುವಂಥದು. ತೀರಾ ಏರಿದಾಗಲೇ ಜನ ಆಸ್ಪತ್ರೆಗೆ ಬರುತ್ತಾರೆ, ಆಮೇಲೆ ಅದು ಏನು ಮಾಡಿದರೂ ಸ್ವಲ್ಪ ಇಳಿಯುತ್ತದೆ. ಹೋಲಿಕೆಯ ಗುಂಪಿಲ್ಲದಿದ್ದರೆ ಆ ಇಳಿತವೆಲ್ಲ ಚಿಕಿತ್ಸೆಯ ಖಾತೆಗೇ ಜಮೆಯಾಗುತ್ತದೆ.

ಫಲವನ್ನು ಬರೆಯುವಾಗ ಈ ಸರದಿಯಲ್ಲಿ ಯೋಚಿಸಿ: ಸಾವು, ದೊಡ್ಡ ತೊಂದರೆ, ನೋವು ಮತ್ತು ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ, ಆಸ್ಪತ್ರೆಯಲ್ಲಿ ಕಳೆಯುವ ದಿನಗಳು, ಕೊನೆಗೆ ಲ್ಯಾಬ್ ಅಂಕಿ. ಲ್ಯಾಬ್ ಅಂಕಿ ಒಂದನ್ನೇ ತೋರಿಸುವ ಪುರಾವೆ ಸಿಕ್ಕರೆ ಅದನ್ನು ಎಸೆಯಬೇಕಾಗಿಲ್ಲ. ಕಾಗದದ ಮೇಲೆ "ರೋಗಿಗೆ ಏನಾಯಿತೆಂದು ಗೊತ್ತಿಲ್ಲ" ಎಂದು ಬರೆದಿಟ್ಟುಕೊಳ್ಳಿ.

ಹಂತ 2: ಪುರಾವೆ ಓದುವಾಗ ತೀರ್ಮಾನವನ್ನು ಕೊನೆಗೆ ಓದಿ

ಮೊದಲು ಹುಡುಕಬೇಕಾದ್ದು ವ್ಯವಸ್ಥಿತ ವಿಮರ್ಶೆ, ಅಂದರೆ ಒಂದೇ ಪ್ರಶ್ನೆಯ ಮೇಲೆ ನಡೆದ ಎಲ್ಲ ಪ್ರಯೋಗಗಳನ್ನು ಕಲೆಹಾಕಿ ತೂಗಿದ ಬರಹ. 1993ರಲ್ಲಿ ಶುರುವಾದ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳು ಇದಕ್ಕೆ ಹೆಸರುವಾಸಿ. ಅದು ಸಿಗದಿದ್ದರೆ, ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಗುಂಪು ಮಾಡಿದ ಪ್ರಯೋಗ. ಅದೂ ಇಲ್ಲದಿದ್ದರೆ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ. "ನಮ್ಮಲ್ಲಿ 40 ಜನಕ್ಕೆ ಮಾಡಿದೆವು, 38 ಜನ ಚೆನ್ನಾಗಿದ್ದಾರೆ" ಎಂಬಂಥ ವರದಿ ಅಪರೂಪದ ಅಡ್ಡಪರಿಣಾಮ ಕಂಡುಹಿಡಿಯಲು ಆದೀತು, ಫಲ ಅಳೆಯಲು ಆಗದು.

ಪ್ರಯೋಗ ಕೈಗೆ ಬಂದಾಗ ಮೊದಲ ಪುಟದ ಸಾರಾಂಶ ದಾಟಿ ನೇರ ವಿಧಾನದ ಭಾಗಕ್ಕೆ ಹೋಗಿ. ಯಾರಿಗೆ ಯಾವ ಗುಂಪು ಎಂದು ಸೇರಿಸಿಕೊಳ್ಳುವ ವೈದ್ಯರಿಗೆ ಮೊದಲೇ ತಿಳಿಯುವಂತಿತ್ತೇ? ತಿಳಿದರೆ ಗಟ್ಟಿಮುಟ್ಟಾದವರನ್ನು ಹೊಸ ಚಿಕಿತ್ಸೆಗೆ ತಳ್ಳುವ ಚಪಲ ಬರುತ್ತದೆ. ನಡುವೆ ಎಷ್ಟು ಜನ ಕೈಬಿಟ್ಟು ಹೋದರು, ಯಾವ ಗುಂಪಿನಿಂದ ಹೆಚ್ಚು? ಬಿಟ್ಟುಹೋದವರು ಸಾಮಾನ್ಯವಾಗಿ ಗುಣ ಕಾಣದವರು ಅಥವಾ ಅಡ್ಡಪರಿಣಾಮ ತಾಳದವರು. ನೋವು, ಸುಸ್ತಿನಂಥ ಫಲವಾದರೆ, ಅದನ್ನು ಅಳೆದವರಿಗೆ ಗುಂಪು ಗೊತ್ತಿತ್ತೇ ಎಂಬುದೂ ಮುಖ್ಯ. ಸಾವನ್ನು ಎಣಿಸುವಾಗ ಅದು ಅಷ್ಟು ಕಾಡುವುದಿಲ್ಲ.

ಇನ್ನೊಂದು ಪರೀಕ್ಷೆ ಹತ್ತು ನಿಮಿಷದ್ದು, ಆದರೆ ಮಾಡುವವರು ಕಡಿಮೆ. ಪ್ರಯೋಗಗಳನ್ನು ಶುರುವಾಗುವ ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಬೇಕೆಂದು ದೊಡ್ಡ ವೈದ್ಯಕೀಯ ಪತ್ರಿಕೆಗಳು 2005ರಿಂದ ಕೇಳುತ್ತಿವೆ. ಆ ನೋಂದಣಿ ತೆಗೆದು, ಅಲ್ಲಿ ಹೇಳಿದ್ದ ಮುಖ್ಯ ಫಲವೂ ವರದಿಯಲ್ಲಿ ಹೊಗಳಿದ ಫಲವೂ ಒಂದೇನಾ ನೋಡಿ. ಬೇರೆಯಾಗಿದ್ದರೆ, ಬಾಣ ನೆಟ್ಟ ಮೇಲೆ ಅದರ ಸುತ್ತ ಗುರಿ ಬರೆದಿದ್ದಾರೆ ಎಂದು ತಿಳಿಯಿರಿ.

ಹಂತ 3: ಶೇಕಡಾವಾರನ್ನು ತಲೆ ಎಣಿಕೆಗೆ ಇಳಿಸಿ

"ಅಪಾಯ ಶೇ. 36 ಕಡಿಮೆ" ಎಂದರೆ ಕೇಳಿದವರಿಗೆ ನೂರರಲ್ಲಿ 36 ಜನ ಬಚಾವಾದರು ಎನ್ನಿಸುತ್ತದೆ. ಹಾಗಿಲ್ಲ. ಬಿಪಿ ಇದ್ದರೂ ಕೊಲೆಸ್ಟರಾಲ್ ತುಂಬ ಹೆಚ್ಚಿಲ್ಲದವರಿಗೆ, ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಔಷಧಿ ಕೊಟ್ಟು ನೋಡಿದ ಆಸ್ಕಾಟ್ ಪ್ರಯೋಗದ ಲೆಕ್ಕ ಹಾಕೋಣ. ಸುಮಾರು 3.3 ವರ್ಷದಲ್ಲಿ, ಹುಸಿ ಮಾತ್ರೆಯ 5,137 ಮಂದಿಯಲ್ಲಿ 154 ಜನಕ್ಕೆ ಹೃದಯಾಘಾತ ಆಯಿತು ಅಥವಾ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾವು ಬಂತು. ಔಷಧಿಯ 5,168 ಮಂದಿಯಲ್ಲಿ 100 ಜನಕ್ಕೆ.

154ನ್ನು 5,137ರಿಂದ ಭಾಗಿಸಿದರೆ ನೂರಕ್ಕೆ 3.0. 100ನ್ನು 5,168ರಿಂದ ಭಾಗಿಸಿದರೆ ನೂರಕ್ಕೆ 1.9. ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, 1.06. ಈಗ 100ನ್ನು 1.06ರಿಂದ ಭಾಗಿಸಿ: 94. ಅಂದರೆ ಇಂಥ 94 ಜನ ಮೂರು ವರ್ಷಕ್ಕೂ ಮೇಲೆ ದಿನಾ ಮಾತ್ರೆ ನುಂಗಿದರೆ ಒಬ್ಬರಿಗೆ ಆಗಬೇಕಿದ್ದ ಘಟನೆ ತಪ್ಪುತ್ತದೆ. ಶೇ. 36 ಸುಳ್ಳಲ್ಲ, 94ಕ್ಕೆ ಒಬ್ಬರು ಎಂಬುದೂ ಸುಳ್ಳಲ್ಲ. ರೋಗಿಯ ಮುಂದೆ ಇಡಬೇಕಾದ್ದು ಎರಡನೆಯದು. ಆಗಲೇ ಒಮ್ಮೆ ಹೃದಯಾಘಾತವಾದವರಲ್ಲಿ ಮೂಲ ಅಪಾಯವೇ ದೊಡ್ಡದಾದ್ದರಿಂದ ಅದೇ ಬಗೆಯ ಔಷಧಿಯ ಲಾಭದ ಎಣಿಕೆ ಇನ್ನೂ ಚೆನ್ನಾಗಿರುತ್ತದೆ. ಅದಕ್ಕೇ ಮೊದಲ ಹಂತದಲ್ಲಿ "ಯಾರಿಗೆ" ಎಂದು ಬರೆಸಿದ್ದು.

ಅಡ್ಡಪರಿಣಾಮಕ್ಕೂ ಇದೇ ಲೆಕ್ಕ, ಇದೇ ಅವಧಿ. ಲಾಭವನ್ನು ಶೇಕಡಾವಾರಿನಲ್ಲೂ ಹಾನಿಯನ್ನು ತಲೆ ಎಣಿಕೆಯಲ್ಲೂ ಹೇಳುವ ಕರಪತ್ರ ಕೈಗೆ ಬಂದರೆ ಎರಡನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕ ಬರೆದುಕೊಳ್ಳಿ.

ರೋಗ ಪತ್ತೆಯ ಪರೀಕ್ಷೆಗೂ ತಲೆ ಎಣಿಕೆಯೇ ದಾರಿ. ಕಿಟ್ಟೊಂದು ರೋಗವಿದ್ದವರಲ್ಲಿ ಶೇ. 90ನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ಶೇ. 91ಕ್ಕೆ ಸರಿಯಾಗಿ "ಇಲ್ಲ" ಎನ್ನುತ್ತದೆ ಎಂದುಕೊಳ್ಳಿ. ನೂರಕ್ಕೆ ಒಬ್ಬರಿಗೆ ರೋಗವಿರುವ ಕಡೆ ಸಾವಿರ ಜನರನ್ನು ಪರೀಕ್ಷಿಸಿದರೆ, ರೋಗವಿರುವ 10 ಜನರಲ್ಲಿ 9 ಸಿಗುತ್ತಾರೆ. ರೋಗವಿಲ್ಲದ 990ರಲ್ಲಿ ಸುಮಾರು 89 ಜನಕ್ಕೆ ಸುಮ್ಮನೆ ಪಾಸಿಟಿವ್ ಬರುತ್ತದೆ. ಒಟ್ಟು 98 ಪಾಸಿಟಿವ್‌ಗಳಲ್ಲಿ ನಿಜವಾದದ್ದು 9, ಹತ್ತರಲ್ಲಿ ಒಂದೂ ಇಲ್ಲ. ಅದೇ ಕಿಟ್ಟನ್ನು ಲಕ್ಷಣ ಇದ್ದವರಿಗಷ್ಟೇ ಬಳಸಿದರೆ ಚಿತ್ರವೇ ಬೇರೆ.

ಬೇಗ ಪತ್ತೆಯಾದರೆ ಒಳ್ಳೆಯದೇ ಅಲ್ಲವೇ ಎನ್ನುವವರಿಗೆ ದಕ್ಷಿಣ ಕೊರಿಯಾದ ಥೈರಾಯ್ಡ್ ಕ್ಯಾನ್ಸರ್ ಲೆಕ್ಕ ತೋರಿಸಬಹುದು. ಅಲ್ಟ್ರಾಸೌಂಡ್ ತಪಾಸಣೆ ಹಬ್ಬಿದ ಮೇಲೆ 2011ರಲ್ಲಿ ಪತ್ತೆಯ ಪ್ರಮಾಣ 1993ರ 15 ಪಟ್ಟಾಗಿತ್ತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು.

ಹಂತ 4: ಅಳೆಯುವ ಸಾಧನವನ್ನೇ ಅಳೆಯಿರಿ

ಮಾರಾಟಕ್ಕೆ ಪರವಾನಗಿ ಸಿಕ್ಕಿದೆ ಎಂದ ಮಾತ್ರಕ್ಕೆ ಉಪಕರಣದಿಂದ ರೋಗಿಗೆ ಲಾಭವಿದೆ ಎಂದು ಸಾಬೀತಾಗಿಲ್ಲ. ಅಮೆರಿಕದಲ್ಲಿ ಬಹಳಷ್ಟು ಉಪಕರಣಗಳು, ಆಗಲೇ ಮಾರುಕಟ್ಟೆಯಲ್ಲಿರುವ ಇನ್ನೊಂದಕ್ಕೆ ಸಮ ಎಂದು ತೋರಿಸಿಯೇ ಒಳಬರುತ್ತವೆ. ರೋಗಿಗಳ ಮೇಲೆ ಹೊಸ ಪ್ರಯೋಗ ಬೇಕೆಂದೇನಿಲ್ಲ. ವಿದ್ಯುತ್ ಸುರಕ್ಷತೆಯ ಐಇಸಿ 60601 ಮಾನದಂಡದ ಪ್ರಮಾಣಪತ್ರವೂ ಬೇಕೇ ಬೇಕು, ಆದರೆ ಅದು ಹೇಳುವುದು ಶಾಕ್ ಹೊಡೆಯುವುದಿಲ್ಲ ಎಂಬಂಥ ಮಾತು, ಅಂಕಿ ಸರಿ ಎಂದಲ್ಲ.

ಬಿಪಿ ಯಂತ್ರ. ಇಂಥ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 81060-2 ಪ್ರಕಾರ, ನುರಿತವರು ಕೈಯಾರೆ ತೆಗೆದ ಅಳತೆಗೆ ಕನಿಷ್ಠ 85 ಜನರ ಮೇಲೆ ಹೋಲಿಸಿದಾಗ ಸರಾಸರಿ ವ್ಯತ್ಯಾಸ 5 ಮಿ.ಮೀ. ಮೀರಬಾರದು, ಆ ವ್ಯತ್ಯಾಸದ ಹರಹು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 8 ಮಿ.ಮೀ. ಒಳಗಿರಬೇಕು. ಕೊಳ್ಳುವ ಮಾಡೆಲ್ ಈ ಪರೀಕ್ಷೆಯಲ್ಲಿ ಪಾಸಾಗಿದೆಯೇ ಎಂದು ಮಾಡೆಲ್ ಸಂಖ್ಯೆ ಸಮೇತ ನೋಡಿ. ಅದೇ ಕಂಪನಿಯ ಇನ್ನೊಂದು ಮಾಡೆಲ್ ಪಾಸಾದರೆ ಉಪಯೋಗವಿಲ್ಲ. ಪಾಸಾದ ಯಂತ್ರವೂ ಒಬ್ಬೊಬ್ಬರ ತೋಳಿನಲ್ಲಿ 10 ಮಿ.ಮೀ. ಆಚೀಚೆ ತೋರಿಸಬಹುದು, ಆ 8ರ ಅರ್ಥ ಅದೇ. ಆದ್ದರಿಂದ ಹೊಸದಾಗಿ ತಂದಾಗ ಕ್ಲಿನಿಕ್ಕಿನ ಯಂತ್ರದ ಜೊತೆ ಒಂದೇ ತೋಳಿನಲ್ಲಿ, ಒಂದು ನಿಮಿಷ ಬಿಟ್ಟು ಒಂದರಂತೆ ಅದಲುಬದಲು ಮಾಡಿ ಮೂರು ಮೂರು ಸಲ ನೋಡಿ.

ತಪ್ಪು ಹೆಚ್ಚಾಗಿ ಆಗುವುದು ಯಂತ್ರದಲ್ಲಲ್ಲ, ತೋಳಿನ ಸುತ್ತ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಟೇಪಿನಲ್ಲಿ ತೋಳಿನ ನಡುಭಾಗದ ಸುತ್ತಳತೆ ತೆಗೆದು, ಕಫ್ ಮೇಲೆ ಮುದ್ರಿಸಿದ ಅಳತೆಗೆ ಹೊಂದಿಸಿ. ತೋಳು ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 7 ಮಿ.ಮೀ. ಹೆಚ್ಚಾಗುತ್ತದೆ, ಕೈಯನ್ನು ತೊಡೆಯ ಮೇಲಿಟ್ಟು ನೋಡಿಕೊಂಡು ಗುಳಿಗೆ ಹೆಚ್ಚಿಸಿಕೊಂಡವರು ಎಷ್ಟು ಜನವೋ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ, ಬೆಳಿಗ್ಗೆ ಎರಡು ಸಂಜೆ ಎರಡು ಸಲದಂತೆ ಏಳು ದಿನ ನೋಡಿ. ಮೊದಲ ದಿನದ್ದು ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ. ಮನೆಯಲ್ಲಿ ತೆಗೆದ ಸರಾಸರಿಗೆ 135/85 ಗಡಿ, ಕ್ಲಿನಿಕ್ಕಿನ 140/90 ಅಲ್ಲ.

ಪಲ್ಸ್ ಆಕ್ಸಿಮೀಟರ್ ಬೆರಳಿನ ಮೂಲಕ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಹಾಯಿಸಿ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಚರ್ಮದ ಬಣ್ಣ ಆ ಬೆಳಕಿಗೆ ಅಡ್ಡ ಬರುತ್ತದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ ನಿಜವಾದ ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ಶೇ. 3.6 ಸಲ, ಕಪ್ಪು ಜನರಲ್ಲಿ ಶೇ. 11.7 ಸಲ. ಕಪ್ಪು ಮೈಬಣ್ಣದ ರೋಗಿ ಏದುಸಿರು ಬಿಡುತ್ತಿದ್ದು ಯಂತ್ರ 94 ಎಂದರೆ ರೋಗಿಯನ್ನು ನಂಬಿ, ಅಪಧಮನಿಯ ರಕ್ತ ಪರೀಕ್ಷೆ ಮಾಡಿಸಿ. ತಣ್ಣಗಾದ ಕೈ, ಉಗುರು ಬಣ್ಣ, ನಡುಗುವ ಬೆರಳು ಕೂಡ ಅಂಕಿ ಕೆಡಿಸುತ್ತವೆ. ಬೆಂಕಿಯ ಹೊಗೆ ಕುಡಿದು ಬಂದವರಲ್ಲಿ ಕಾರ್ಬನ್ ಮಾನಾಕ್ಸೈಡನ್ನೂ ಅದು ಆಮ್ಲಜನಕವೆಂದೇ ಎಣಿಸಿ 98 ತೋರಿಸೀತು.

ಹಂತ 5: ಕೊಳ್ಳುವ ಮೊದಲು ಮೇಜಿನ ಮೇಲೆ, ಆಮೇಲೆ ಮಂಚದ ಪಕ್ಕ

ಸಿರಿಂಜಿನ ದಂಡವನ್ನು ನಿಧಾನವಾಗಿ ಒತ್ತಿ ರೋಗಿಗೆ ಔಷಧಿ ಹರಿಸುವ ಸಿರಿಂಜ್ ಪಂಪನ್ನೇ ತೆಗೆದುಕೊಳ್ಳೋಣ. ಡೆಮೊ ಕೊಡುವವರು ಪರದೆ ತೋರಿಸುತ್ತಾರೆ. ನೀವು ತಕ್ಕಡಿ ಇಟ್ಟುಕೊಳ್ಳಿ. 50 ಮಿ.ಲೀ. ಸಿರಿಂಜಿಗೆ ನೀರು ತುಂಬಿ, ಕೊಳವೆಯ ಗಾಳಿ ತೆಗೆದು, ಗಂಟೆಗೆ 5 ಮಿ.ಲೀ. ಹಾಕಿ. ಹರಿವು ಸ್ಥಿರವಾಗುವವರೆಗೆ ಅರ್ಧ ಗಂಟೆ ಬಿಟ್ಟು, ಆಮೇಲೆ ಎರಡು ಗಂಟೆಯ ನೀರನ್ನು ಮೊದಲೇ ತೂಗಿಟ್ಟ, ಮುಚ್ಚಿದ ಪಾತ್ರೆಯಲ್ಲಿ ಹಿಡಿಯಿರಿ. ನೀರಿನ 1 ಗ್ರಾಂ ಹೆಚ್ಚುಕಡಿಮೆ 1 ಮಿ.ಲೀ.; 10 ಗ್ರಾಂ ಬರಬೇಕು. ಕಂಪನಿ ಶೇ. 3ರ ನಿಖರತೆ ಹೇಳಿದ್ದರೆ 9.7ರಿಂದ 10.3ರ ಒಳಗೆ. ತಕ್ಕಡಿ 0.01 ಗ್ರಾಂ ತೋರಿಸುವಂಥದಿರಲಿ.

ಇದೇ ಪರೀಕ್ಷೆಯನ್ನು ನೀವು ನಿಜವಾಗಿ ಬಳಸುವ ಸಿರಿಂಜಿನಲ್ಲಿ ಮತ್ತೆ ಮಾಡಿ. ಪಂಪಿಗೆ ಗೊತ್ತಿರುವುದು ದಂಡ ಎಷ್ಟು ಸರಿಯಿತು ಎಂಬುದು ಮಾತ್ರ. ಒಳವ್ಯಾಸವನ್ನು ಅದು ಮೆನುವಿನಲ್ಲಿ ಆರಿಸಿದ ಬ್ರಾಂಡಿನಿಂದ ಊಹಿಸುತ್ತದೆ. ವ್ಯಾಸದಲ್ಲಿ ಶೇ. 2 ಹೆಚ್ಚುಕಡಿಮೆಯಾದರೆ ಔಷಧಿಯಲ್ಲಿ ಶೇ. 4 ಹೆಚ್ಚುಕಡಿಮೆ. ಸ್ಟೋರಿನಲ್ಲಿ ಸಿಕ್ಕಿದ ಬ್ರಾಂಡ್ ಪಟ್ಟಿಯಲ್ಲಿಲ್ಲ ಎಂದು ಯಾವುದೋ ಒಂದನ್ನು ಒತ್ತುವ ಅಭ್ಯಾಸ ವಾರ್ಡಿಗೆ ಬೇಗ ಅಂಟಿಕೊಳ್ಳುತ್ತದೆ.

ಮುಂದಿನದು ಅಡಚಣೆಯ ಅಲಾರ್ಮ್. ಗಂಟೆಗೆ 1 ಮಿ.ಲೀ. ಹಾಕಿ, ಕೊಳವೆಯ ನಲ್ಲಿ ಮುಚ್ಚಿ, ಗಡಿಯಾರ ನೋಡಿ. ದೊಡ್ಡ ಸಿರಿಂಜ್, ಒತ್ತಡದ ಮಿತಿ ಎತ್ತರಕ್ಕೆ ಇಟ್ಟಿದ್ದರೆ, ಅಲಾರ್ಮ್ ಕೂಗಲು ಗಂಟೆಗೂ ಮೀರಬಹುದು. ಬಿಪಿ ಎತ್ತಿ ಹಿಡಿಯುವ ಔಷಧಿ ಅಷ್ಟು ಹೊತ್ತು ನಿಂತರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಚಿಕ್ಕ ಸಿರಿಂಜ್ ಬಳಸಿ, ಮಿತಿ ಇಳಿಸಿ ಮತ್ತೆ ಸಮಯ ಬರೆದುಕೊಳ್ಳಿ. ಅಲಾರ್ಮ್ ಕೂಗಿದೊಡನೆ ನಲ್ಲಿ ತೆರೆದರೆ ಒಳಗೆ ಒತ್ತಿಕೊಂಡಿದ್ದ ಔಷಧಿ ಒಮ್ಮೆಗೇ ರೋಗಿಗೆ ನುಗ್ಗುತ್ತದೆ. ಆ ಪ್ರಮಾಣವನ್ನೂ ತೂಗಿ. ಒತ್ತಡವನ್ನು ತಾನೇ ಹಿಂದೆಗೆದುಕೊಳ್ಳುವ ಪಂಪುಗಳಿವೆ, ನಿಮ್ಮ ಪಂಪ್ ಹಾಗೆ ಮಾಡುತ್ತದೆಯೇ ನೋಡಿ. ಬ್ಯಾಟರಿ ಪೂರ್ತಿ ತುಂಬಿಸಿ, ಪ್ಲಗ್ ಕಿತ್ತು, ಆರುವವರೆಗೂ ಓಡಿಸಿ. ಕೊನೆಯ ಎಚ್ಚರಿಕೆ ಕೂಗಿದ ಮೇಲೆ ಎಷ್ಟು ನಿಮಿಷ ನಡೆಯಿತು ಎಂಬುದು ಕೈಪಿಡಿಗಿಂತ ಮುಖ್ಯ.

ನಂತರ ನರ್ಸ್‌ಗಳನ್ನು ಕರೆಯಿರಿ. ಐದಾರು ಮಂದಿ ಸಾಕು, ರಾತ್ರಿ ಪಾಳಿಯವರೂ ಇರಲಿ, ಹೊಸಬರೂ ಇರಲಿ. ಒಬ್ಬೊಬ್ಬರಿಗೇ ಒಂದು ಚೀಟಿ ಕೊಡಿ: "ರೋಗಿ 60 ಕೆ.ಜಿ., 50 ಮಿ.ಲೀ.ನಲ್ಲಿ 200 ಮಿ.ಗ್ರಾಂ ಡೋಪಮಿನ್, ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ." ಸರಿಯುತ್ತರ ಗಂಟೆಗೆ 4.5 ಮಿ.ಲೀ. ಪಕ್ಕದಲ್ಲಿ ಒಬ್ಬರು ಬಾಯಿ ಮುಚ್ಚಿ ನಿಂತು ಬರೆದುಕೊಳ್ಳಲಿ: ಎಷ್ಟು ಹೊತ್ತು, ಎಲ್ಲಿ ತಡವರಿಸಿದರು, ಯಾವ ಕೀ ತಪ್ಪಿ ಒತ್ತಿದರು, 45 ಎಂದು ಹೊಡೆದಾಗ ಪಂಪ್ ತಡೆಯಿತೇ ಅಥವಾ ಸುಮ್ಮನೆ ಒಪ್ಪಿಕೊಂಡಿತೇ. ಇಬ್ಬರು ಒಂದೇ ಕಡೆ ತಪ್ಪಿದರೆ ಅದು ಯಂತ್ರದ ದೋಷ ಎಂದೇ ಬರೆಯಿರಿ. "ಟ್ರೇನಿಂಗ್ ಕೊಟ್ಟರೆ ಸರಿಹೋಗುತ್ತದೆ" ಎಂಬ ಉತ್ತರ ಬರುತ್ತದೆ, ಅದನ್ನು ಒಪ್ಪಬೇಡಿ. ಬೆಳಗಿನ ಜಾವ ಮೂರು ಗಂಟೆಗೆ ಕೈ ಹೋಗುವುದು ಹಳೆಯ ಅಭ್ಯಾಸದ ಕಡೆಗೇ.

ಉಳಿದ ವಿಚಾರಣೆ ಬೇಗ ಮುಗಿಯುತ್ತದೆ. ಕಂಪನಿಯದೇ ಸಿರಿಂಜ್, ಕೊಳವೆ ಬೇಕೇ? ವಾರ್ಡಿನಲ್ಲಿ ಒರೆಸಲು ಬಳಸುವ ಸ್ಪಿರಿಟ್ಟಿಗೆ ಅದರ ಪ್ಲಾಸ್ಟಿಕ್ ತಡೆಯುತ್ತದೆಯೇ? ಕೆಟ್ಟರೆ ಬದಲಿ ಯಂತ್ರ ಎಷ್ಟು ಗಂಟೆಯಲ್ಲಿ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆಂದು ಬರವಣಿಗೆಯಲ್ಲಿ ಕೊಡುತ್ತಾರೆಯೇ?

ಹಂತ 6: ತಂದ ಮೇಲೆ ಎಣಿಸುತ್ತಾ ಇರಿ

ಹಾಸಿಗೆ ಹುಣ್ಣು ತಡೆಯಲು ಹೊಸ ಹಾಸಿಗೆ ತಂದಿರಿ ಎಂದುಕೊಳ್ಳಿ. ಯಾವುದನ್ನು ಹುಣ್ಣು ಎಂದು ಎಣಿಸುತ್ತೀರಿ ಎಂಬುದನ್ನು ಮೊದಲು ನಿಗದಿ ಮಾಡಿ, ಎರಡನೆಯ ದರ್ಜೆಯ (ಚರ್ಮ ಕಿತ್ತುಬಂದ) ಹುಣ್ಣು ಮತ್ತು ಅದಕ್ಕೆ ಮೇಲಿನವು ಎಂಬಂತೆ. ಬರುವಾಗಲೇ ಹುಣ್ಣಿದ್ದವರನ್ನು ಬೇರೆ ಪಟ್ಟಿಗೆ ಹಾಕಿ. ಬರೀ ಸಂಖ್ಯೆ ಬರೆದರೆ ವಾರ್ಡ್ ತುಂಬಿದ ತಿಂಗಳು ಕೆಟ್ಟದ್ದಾಗಿಯೂ ಖಾಲಿ ತಿಂಗಳು ಒಳ್ಳೆಯದಾಗಿಯೂ ಕಾಣುತ್ತದೆ. ದಿನಾ ರಾತ್ರಿ ಮಂಚದಲ್ಲಿದ್ದವರನ್ನು ಎಣಿಸಿ ತಿಂಗಳಿಗೆ ಕೂಡಿಸಿ; ಅದು ರೋಗಿ-ದಿನ. 620 ರೋಗಿ-ದಿನಕ್ಕೆ 4 ಹುಣ್ಣಾದರೆ ಸಾವಿರಕ್ಕೆ 6.5.

ಹಳೆಯ ಹಾಸಿಗೆ ಇದ್ದಾಗಿನ ಹನ್ನೆರಡು ತಿಂಗಳ ಲೆಕ್ಕ ಕೈಯಲ್ಲಿರಬೇಕು. ಹುಣ್ಣು ಹೆಚ್ಚಾದ ತಿಂಗಳು ಗಾಬರಿಯಾಗಿ ಹಾಸಿಗೆ ತಂದಿರುತ್ತೇವೆ, ಮುಂದಿನ ತಿಂಗಳು ಹೇಗಿದ್ದರೂ ಇಳಿಯುತ್ತದೆ, ಮಂಡಿನೋವಿನ ಹಾಗೆ. ಇನ್ನೊಂದು ತೊಡಕೂ ಇದೆ: ಎಣಿಕೆ ಶುರುವಾದೊಡನೆ ನರ್ಸ್‌ಗಳು ಬೆನ್ನು ಸರಿಯಾಗಿ ತಿರುಗಿಸಿ ನೋಡುತ್ತಾರೆ, ಹಿಂದೆ ಕಾಣದಿದ್ದ ಹುಣ್ಣು ಕಂಡು ಸಂಖ್ಯೆ ಏರುತ್ತದೆ. ಹಾಗಾಗಿ ಎಣಿಕೆ ಮೊದಲು ಶುರುಮಾಡಿ, ಹಾಸಿಗೆ ಆಮೇಲೆ ತನ್ನಿ.

ತಿಂಗಳ ಅಂಕಿಗಳನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕೆಯಾಗಿ ಇಟ್ಟು, ಹಳೆಯ ಹನ್ನೆರಡರ ನಡುಮೌಲ್ಯಕ್ಕೆ, ಅಂದರೆ ಅರ್ಧ ಅಂಕಿಗಳು ಮೇಲೂ ಅರ್ಧ ಕೆಳಗೂ ಬರುವ ಜಾಗಕ್ಕೆ, ಅಡ್ಡಗೆರೆ ಎಳೆಯಿರಿ. ಮುಂದಿನ ಚುಕ್ಕೆಗಳಲ್ಲಿ ಸತತ ಆರು ಗೆರೆಯ ಕೆಳಗೇ ಬಿದ್ದರೆ ನಿಜವಾಗಿ ಏನೋ ಬದಲಾಗಿದೆ ಎನ್ನಬಹುದು. ಗೆರೆಯ ಮೇಲೇ ಕೂತ ಚುಕ್ಕೆಯನ್ನು ಎಣಿಸಬೇಡಿ. ಎರಡು ತಿಂಗಳ ಇಳಿತಕ್ಕೆ ಸಿಹಿ ಹಂಚಬೇಡಿ. ಪಕ್ಕದಲ್ಲೇ ಇನ್ನೊಂದು ಹಾಳೆಯಲ್ಲಿ ಮಂಚದಿಂದ ಬಿದ್ದವರ ಲೆಕ್ಕ ಇಡಿ. ಮೆತ್ತನೆಯ ಹಾಸಿಗೆಯ ಅಂಚಿನಲ್ಲಿ ಕೂತು ಏಳುವುದು ಮುದುಕರಿಗೆ ಕಷ್ಟ, ಹುಣ್ಣು ಇಳಿದು ಸೊಂಟದ ಮೂಳೆ ಮುರಿತ ಏರಿದರೆ ಲಾಭವೆಲ್ಲಿ? ಬಳಕೆ ನಿಲ್ಲಿಸುವ ಮಿತಿ ಯಾವುದು, ನಿಲ್ಲಿಸಿ ಎಂದು ಹೇಳುವ ಅಧಿಕಾರ ಯಾರಿಗೆ ಎಂಬುದನ್ನು ಮೊದಲ ದಿನವೇ ಅದೇ ಹಾಳೆಯ ತಲೆಯ ಮೇಲೆ ಬರೆಯಿರಿ.

ಯಂತ್ರದಿಂದ ರೋಗಿಗೆ ಹಾನಿಯಾಯಿತು ಎಂಬ ಅನುಮಾನ ಬಂದರೆ ಮೊದಲು ರೋಗಿಯನ್ನು ಬೇರೆ ಯಂತ್ರಕ್ಕೆ ಬದಲಿಸಿ. ಅನುಮಾನದ ಯಂತ್ರವನ್ನು ಒರೆಸಬೇಡಿ, ರೀಸೆಟ್ ಮಾಡಬೇಡಿ. ಪರದೆಯ ಮೇಲಿನ ಸೆಟ್ಟಿಂಗ್‌ನ ಫೋಟೊ ತೆಗೆದು, ಯಂತ್ರದ ಗಡಿಯಾರ ಎಷ್ಟು ತೋರಿಸುತ್ತಿದೆ, ಗೋಡೆ ಗಡಿಯಾರ ಎಷ್ಟು ತೋರಿಸುತ್ತಿದೆ ಎರಡನ್ನೂ ಬರೆಯಿರಿ. ಯಂತ್ರ ತಾನೇ ಒಳಗೆ ಬರೆದಿಟ್ಟುಕೊಳ್ಳುವ ದಾಖಲೆ, ಅಂದರೆ ಲಾಗ್, ಓದುವಾಗ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಯಾವುದು ಮೊದಲು ನಡೆಯಿತೆಂದು ಹೇಳಲಾಗದು. ಸಿರಿಂಜ್, ಕೊಳವೆ, ಅವುಗಳ ಕವರ್‌ನ ಬ್ಯಾಚ್ ಸಂಖ್ಯೆ ಸಮೇತ ಒಂದು ಚೀಲಕ್ಕೆ ಹಾಕಿ, ಮೇಲೆ "ಬಳಸಬಾರದು" ಎಂದು ಚೀಟಿ ಅಂಟಿಸಿ, ಬಯೋಮೆಡಿಕಲ್ ಎಂಜಿನಿಯರ್ ಬರುವವರೆಗೆ ಬೀಗದ ಕಪಾಟಿನಲ್ಲಿಡಿ. ಕಂಪನಿಯ ಸರ್ವಿಸ್ ಸಿಬ್ಬಂದಿ "ನಾವೇ ತೆಗೆದುಕೊಂಡು ಹೋಗಿ ನೋಡುತ್ತೇವೆ" ಎಂದರೆ, ಲಾಗ್‌ನ ಪ್ರತಿ ನಿಮ್ಮ ಕೈಗೆ ಬಂದ ಮೇಲೆಯೇ ಯಂತ್ರ ಕೊಡಿ.